ಆರು ನಿಮಿಷದ ತೀರ್ಪು, ಹತ್ತು ವರ್ಷದ ಶಿಕ್ಷೆ

ಊರಿನ ಕಿರಾಣಿ ಅಂಗಡಿಯೊಂದಕ್ಕೆ ಸಣಕಲು ಯುವಕನೊಬ್ಬ ಡಬ್ಬಿ ಹಿಡಿದು ಬರುತ್ತಾನೆ. ತಲೆಯ ಮೇಲೆ ಚಪ್ಪಟೆ ಟೋಪಿ, ಕಾಲಲ್ಲಿ ದೊಗಳೆ ಬೂಟು. ಅವನಿಗೆ ಬೇಕಾದದ್ದು 25 ಸೆಂಟಿನ ಕಾಕಂಬಿ. ಕೊಡಬೇಕಾದ ನಾಣ್ಯವನ್ನು ಅವನು ಡಬ್ಬಿಯೊಳಗೇ ಹಾಕಿಬಿಟ್ಟಿದ್ದಾನೆ. ಅದನ್ನು ಗಮನಿಸದ ಭಾರೀ ಮೈಕಟ್ಟಿನ ಅಂಗಡಿಯವ ಅದರ ಮೇಲೆಯೇ ಕಾಕಂಬಿ ತುಂಬಿಸಿ ಕೊಡುತ್ತಾನೆ. ಈಗ ಹಣ ಎಲ್ಲಿ? ಯುವಕ ಡಬ್ಬಿಯತ್ತ ಬೆರಳು ತೋರುತ್ತಾನೆ. ಅಂಗಡಿಯವ ಯುವಕನ ಟೋಪಿಯನ್ನು ತೆಗೆದುಕೊಂಡು, ಕಾಕಂಬಿಯನ್ನು ಅದಕ್ಕೆ ಸುರಿದು, ನಾಣ್ಯವನ್ನು ಎತ್ತಿಕೊಂಡು, ಉಳಿದದ್ದನ್ನು ಮತ್ತೆ ಡಬ್ಬಿಗೆ ಸುರಿಯುತ್ತಾನೆ. ಅಲ್ಲಿಗೆ ಮುಗಿಯಲಿಲ್ಲ. ಟೋಪಿ ತಲೆಗೆ ಅಂಟಿಕೊಳ್ಳುತ್ತದೆ. ನೆಲಕ್ಕೆ ಚೆಲ್ಲಿದ ಕಾಕಂಬಿಯಲ್ಲಿ ಬೂಟು ಕಚ್ಚಿಕೊಳ್ಳುತ್ತದೆ. ಬಿಡಿಸಲು ಕುದಿನೀರು ಸುರಿಯುವ ಅಂಗಡಿಯವ ಕೊನೆಗೆ ಗಿರಾಕಿಯನ್ನು ಒದ್ದೇ ಹೊರಗೆ ಕಳುಹಿಸಬೇಕಾಗುತ್ತದೆ.

1917ರ ಏಪ್ರಿಲ್‌ನಲ್ಲಿ ತೆರೆಕಂಡ ‘ದಿ ಬುಚರ್ ಬಾಯ್’ ಎಂಬ ಅಮೆರಿಕದ ಕಿರು ಮೂಕಿಚಿತ್ರದ ದೃಶ್ಯವಿದು. ಆ ಸಣಕಲು ಗಿರಾಕಿಯ ಹೆಸರು ಬಸ್ಟರ್ ಕೀಟನ್. ಅದು ಆತನ ಮೊದಲ ಚಿತ್ರ. ಮುಂದೆ ಚಾರ್ಲಿ ಚಾಪ್ಲಿನ್‌ನ ಸಾಲಿನಲ್ಲಿ ನಿಲ್ಲುವ ಕೀರ್ತಿ ಆತನಿಗೆ ದಕ್ಕಿತು. ಅಂಗಡಿಯವನಾಗಿ ನಟಿಸಿದ್ದು ರಾಸ್ಕೋ ಆರ್ಬಕಲ್. ಚಿತ್ರದ ನಿರ್ದೇಶಕರೂ ಅವರೇ. ಅಂದು ಆ ಇಬ್ಬರಲ್ಲಿ ಜಗತ್ತಿಗೆ ಗೊತ್ತಿದ್ದವರು ಆರ್ಬಕಲ್ ಮಾತ್ರ. ಇಂದು ಅವರ ಹೆಸರು ಬಂದರೆ ನೆನಪಾಗುವುದು ನಗೆಯಲ್ಲ, ಒಂದು ಸಾವಿನ ಪ್ರಕರಣ. ಆ ಪ್ರಕರಣದಲ್ಲಿ ನ್ಯಾಯಾಲಯ ಅವರನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತ್ತು ಎಂಬುದು ಮಾತ್ರ ಅಷ್ಟಾಗಿ ಯಾರಿಗೂ ನೆನಪಿಲ್ಲ.

ದಿಕ್ಕಿಲ್ಲದ ಬಾಲ್ಯ

ರಾಸ್ಕೋ ಕಾಂಕ್ಲಿಂಗ್ ಆರ್ಬಕಲ್ ಜನಿಸಿದ್ದು 1887ರ ಮಾರ್ಚ್ 24ರಂದು, ಕಾನ್ಸಾಸ್ ರಾಜ್ಯದ ಸ್ಮಿತ್ ಸೆಂಟರ್ ಎಂಬಲ್ಲಿ. ಹುಟ್ಟಿದಾಗಲೇ ಮಗುವಿನ ತೂಕ 13 ಪೌಂಡ್ ದಾಟಿತ್ತು ಎನ್ನುತ್ತಾರೆ ಜೀವನಚರಿತ್ರೆಕಾರರು. ತಂದೆ ವಿಲಿಯಂ ಗುಡ್‌ರಿಚ್ ಆರ್ಬಕಲ್‌ಗೆ ಈ ಮಗು ತನ್ನದೇ ಎಂಬ ವಿಷಯದಲ್ಲಿ ಸಂಶಯವಿತ್ತು. ಆದ್ದರಿಂದಲೇ ತಾನು ಮನಸಾರೆ ದ್ವೇಷಿಸುತ್ತಿದ್ದ ರಾಜಕಾರಣಿ ರಾಸ್ಕೋ ಕಾಂಕ್ಲಿಂಗ್‌ನ ಹೆಸರನ್ನೇ ಮಗುವಿಗೆ ಇಟ್ಟ ಎಂಬುದು ಪ್ರಚಲಿತ ಕಥನ. ನಾಮಕರಣದ ದಿನದಿಂದಲೇ ಹೆಸರು ಈತನಿಗೆ ಭಾರವಾಗಿತ್ತು.

ಕುಟುಂಬ ಕ್ಯಾಲಿಫೋರ್ನಿಯಾದ ಸಾಂಟಾ ಆನಾಗೆ ವಲಸೆ ಬಂತು. ಎಂಟರ ಹರೆಯದಲ್ಲಿ, ಊರಿಗೆ ಬಂದಿದ್ದ ಫ್ರಾಂಕ್ ಬೇಕನ್‌ರ ನಾಟಕ ಕಂಪನಿಯಲ್ಲಿ ಬಾಲಕ ಮೊದಲ ಬಾರಿಗೆ ರಂಗವೇರಿದ. ತಾಯಿಯ ಪ್ರೋತ್ಸಾಹ ಬೆನ್ನಿಗಿತ್ತು. ಆದರೆ ಹುಡುಗನಿಗೆ 12 ವರ್ಷವಾಗುವ ಹೊತ್ತಿಗೆ ಆಕೆ ತೀರಿಕೊಂಡಳು. ತಂದೆ ಮಗನ ಪಾಲನೆಗೆ ಒಪ್ಪಲಿಲ್ಲ. ದಿಕ್ಕಿಲ್ಲದ ಬಾಲಕ ಹೋಟೆಲೊಂದರಲ್ಲಿ ಚಿಲ್ಲರೆ ಕೆಲಸಕ್ಕೆ ಸೇರಿದ. ಕೆಲಸದ ನಡುವೆ ಹಾಡಿಕೊಳ್ಳುವುದು ಅವನ ರೂಢಿ. ಆ ಕಂಠವನ್ನು ಕೇಳಿದವರೊಬ್ಬರು ಪ್ರತಿಭಾ ಸ್ಪರ್ಧೆಗೆ ಹೋಗುವಂತೆ ಸಲಹೆ ನೀಡಿದರು.

ಆ ಕಾಲದ ಸ್ಪರ್ಧೆಗಳಲ್ಲಿ ಒಂದು ಕ್ರೂರ ಪದ್ಧತಿಯಿತ್ತು. ಪ್ರೇಕ್ಷಕರಿಗೆ ಹಿಡಿಸದವರನ್ನು ರಂಗದ ಬದಿಯಿಂದ ಉದ್ದನೆಯ ಕೊಕ್ಕೆ ಚಾಚಿ ಎಳೆದು ಹಾಕಲಾಗುತ್ತಿತ್ತು. ಹಾಡಿ, ಕುಣಿದರೂ ಪ್ರೇಕ್ಷಕರು ಒಲಿಯದಿದ್ದಾಗ ಬಾಲಕನತ್ತ ಕೊಕ್ಕೆ ಬಂತು. ಗಾಬರಿಯಾದ ಅವನು ಲಾಗ ಹಾಕಿ ವಾದ್ಯಗಾರರ ಗುಂಡಿಗೇ ಹಾರಿದ. ಸಭಾಂಗಣ ನಗೆಗಡಲಾಯಿತು. ಸ್ಪರ್ಧೆಯಲ್ಲಿ ಗೆದ್ದದ್ದು ಆ ಜಿಗಿತ. ಭಾರವಾದ ಮೈ ಹಗುರವಾಗಿ ಹಾರಿದರೆ ಜನ ನಗುತ್ತಾರೆಂಬ ಸತ್ಯ ಅಂದು ಅವನಿಗೆ ತಿಳಿಯಿತು.

1904ರಲ್ಲಿ ಸಿಡ್ ಗ್ರಾಮನ್ ಎಂಬ ರಂಗೋದ್ಯಮಿ ಸ್ಯಾನ್‌ಫ್ರಾನ್ಸಿಸ್ಕೊದ ತಮ್ಮ ರಂಗಮಂದಿರದಲ್ಲಿ ಹಾಡಲು ಆರ್ಬಕಲ್‌ರನ್ನು ಕರೆಸಿಕೊಂಡರು. ಬಳಿಕ ಊರೂರು ಸುತ್ತುವ ವೈವಿಧ್ಯ ಪ್ರದರ್ಶನಗಳ ಬದುಕು ಶುರುವಾಯಿತು. 1908ರಲ್ಲಿ ಸಹಕಲಾವಿದೆ ಮಿಂಟಾ ಡರ್ಫಿಯವರೊಂದಿಗೆ ವಿವಾಹವಾಯಿತು. 1909ರಲ್ಲಿ ಸೆಲಿಗ್ ಕಂಪನಿಯ ಕಿರುಚಿತ್ರವೊಂದರಲ್ಲಿ ಮೊದಲ ಬಾರಿಗೆ ಕ್ಯಾಮೆರಾ ಎದುರಿಸಿದರು. ಸಿನಿಮಾ ಅಂದು ರಂಗದ ಕಲಾವಿದರಿಗೆ ಅಷ್ಟೇನೂ ಗೌರವದ ಕಸುಬಾಗಿರಲಿಲ್ಲ.

ಕೀಸ್ಟೋನ್ ದಿನಗಳು

1913ರಲ್ಲಿ ಆರ್ಬಕಲ್ ಲಾಸ್ ಏಂಜಲೀಸ್‌ನ ಈಡನ್‌ಡೇಲ್‌ನಲ್ಲಿದ್ದ ಮ್ಯಾಕ್ ಸೆನೆಟ್‌ರ ಕೀಸ್ಟೋನ್ ಸ್ಟುಡಿಯೊ ಸೇರಿದರು. ಅಮೆರಿಕದ ನಗೆಚಿತ್ರಗಳಿಗೆ ಅದೊಂದು ಕಾರ್ಖಾನೆಯೇ ಆಗಿತ್ತು. ಒಂದು ರೀಲಿನ ಚಿತ್ರವೆಂದರೆ ಸುಮಾರು 1,000 ಅಡಿ ಫಿಲ್ಮು, ಹತ್ತು–ಹನ್ನೆರಡು ನಿಮಿಷದ ಆಟ. ಎರಡು ರೀಲಾದರೆ ಅದರ ದುಪ್ಪಟ್ಟು. ಲಿಖಿತ ಚಿತ್ರಕಥೆ ಇಲ್ಲವೆಂದರೂ ನಡೆಯುತ್ತಿತ್ತು. ಉದ್ಯಾನ, ಕೆರೆ, ಬೀದಿ, ಮೆರವಣಿಗೆ ಎಲ್ಲಿ ಸಿಕ್ಕರೆ ಅಲ್ಲಿ ಚಿತ್ರೀಕರಣ. ಓಡುವುದು, ಬೀಳುವುದು, ಒದೆಯುವುದು, ಪೊಲೀಸರು ಗುಂಪಾಗಿ ಬೆನ್ನಟ್ಟುವುದು. ಮಾತಿಲ್ಲದ ಆ ಚಿತ್ರಗಳಿಗೆ ಥಿಯೇಟರಿನಲ್ಲಿ ಪಿಯಾನೊ ನುಡಿಸುವವರೇ ದನಿ.

ಈ ಗದ್ದಲದಲ್ಲಿ ಆರ್ಬಕಲ್ ಬೇರೆಯಾಗಿ ಕಂಡರು. ಪ್ರೇಕ್ಷಕರು ಅವರನ್ನು ‘ಫ್ಯಾಟಿ’ ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಡುಮ್ಮ. ತೆರೆಯಾಚೆ ಆ ಹೆಸರನ್ನು ಅವರು ಒಪ್ಪುತ್ತಿರಲಿಲ್ಲ. ಕುರ್ಚಿಯಲ್ಲಿ ಸಿಕ್ಕಿಹಾಕಿಕೊಳ್ಳುವಂಥ, ಮೈಯ ಗಾತ್ರವನ್ನೇ ಹಂಗಿಸುವ ಅಗ್ಗದ ಹಾಸ್ಯಕ್ಕೂ ಅವರ ಒಪ್ಪಿಗೆ ಇರಲಿಲ್ಲ. ಅವರ ನಗೆ ಹುಟ್ಟುತ್ತಿದ್ದುದು ಗಾತ್ರದಿಂದಲ್ಲ, ಗಾತ್ರವನ್ನು ಮರೆಸುವ ಚುರುಕುತನದಿಂದ. ಹಿಂದಕ್ಕೆ ಲಾಗ ಹಾಕುವುದಿರಲಿ, ಹರಿತವಾದ ಕತ್ತಿಯನ್ನು ಗಾಳಿಯಲ್ಲಿ ತಿರುಗಿಸಿ ಹಿಡಿಯುವುದಿರಲಿ, ಎಲ್ಲವೂ ಅವರಿಗೆ ಸಲೀಸು.

ಮೇಬಲ್ ನಾರ್ಮಂಡ್ ಅವರ ಜೋಡಿ. 1913ರ ‘ಎ ನಾಯ್ಸ್ ಫ್ರಮ್ ದ ಡೀಪ್’ನಲ್ಲಿ ಮೇಬಲ್ ಅವರು ಆರ್ಬಕಲ್‌ರ ಮುಖಕ್ಕೆ ಪೈ ಎಸೆದ ದೃಶ್ಯವನ್ನು, ಮುಂದೆ ನಗೆಚಿತ್ರಗಳ ಲಾಂಛನವೇ ಆದ ಪೈ ಎಸೆತದ ಆರಂಭವೆಂದು ಹಲವರು ಗುರುತಿಸುತ್ತಾರೆ. 1914ರಲ್ಲಿ ಇಂಗ್ಲೆಂಡ್‌ನಿಂದ ಬಂದ ಹೊಸಬ ಚಾರ್ಲಿ ಚಾಪ್ಲಿನ್ ಕೀಸ್ಟೋನ್ ಸೇರಿದಾಗ ಆರ್ಬಕಲ್ ಅಲ್ಲಿ ಆಗಲೇ ನೆಲೆಯೂರಿದ್ದರು. ಚಾಪ್ಲಿನ್‌ನ ಅಲೆಮಾರಿ ವೇಷದ ಜೋಲು ಷರಾಯಿ ಆರ್ಬಕಲ್‌ರದು ಎಂಬುದು ಸಿನಿಮಾ ಚರಿತ್ರೆಯ ಹಳೆಯ ಕಥೆ. ‘ದಿ ರೌಂಡರ್ಸ್’ನಲ್ಲಿ ಇಬ್ಬರೂ ಕುಡುಕರಾಗಿ ಒಟ್ಟಿಗೆ ತೂರಾಡಿದ್ದಾರೆ.

1914ರಿಂದ ಆರ್ಬಕಲ್ ತಮ್ಮ ಚಿತ್ರಗಳನ್ನು ತಾವೇ ನಿರ್ದೇಶಿಸತೊಡಗಿದರು. 1916ರ ‘ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್’ ಅವರ ಕೈಚಳಕಕ್ಕೆ ಸಾಕ್ಷಿ. ನವದಂಪತಿಯ ಕಡಲತೀರದ ಪುಟ್ಟ ಮನೆಯನ್ನು ಪ್ರತಿಸ್ಪರ್ಧಿಯೊಬ್ಬ ರಾತ್ರೋರಾತ್ರಿ ಸಮುದ್ರಕ್ಕೆ ತೇಲಿಬಿಡುತ್ತಾನೆ. ಬೆಳಗ್ಗೆ ಎದ್ದರೆ ಮಂಚದ ಸುತ್ತ ನೀರು. ಸಹಾಯ ತರುವುದು ಲ್ಯೂಕ್ ಎಂಬ ನಾಯಿ. ಆರ್ಬಕಲ್ ದಂಪತಿ ಸಾಕಿದ್ದ ಈ ನಾಯಿ ಹಲವು ಚಿತ್ರಗಳಲ್ಲಿ ನಟಿಸಿದೆ. ಆದರೆ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಈ ಸಾಹಸವಲ್ಲ. ಮಲಗಿರುವ ಮೇಬಲ್‌ಳ ಮೇಲೆ ಪತಿಯ ನೆರಳು ಬಾಗಿ, ಮೆಲ್ಲಗೆ ಮುತ್ತಿಡುವ ಒಂದು ಗಳಿಗೆ. ಒದೆತ–ಬಡಿತಗಳ ಲೋಕದಲ್ಲಿ ಅಷ್ಟು ಮೃದುವಾದ ದೃಶ್ಯವನ್ನು ಯೋಚಿಸಿದವರು ಈ ಡುಮ್ಮ ಹಾಸ್ಯಗಾರ.

ಗುರು ಮತ್ತು ಶಿಷ್ಯ

1917ರಲ್ಲಿ ನಿರ್ಮಾಪಕ ಜೋಸೆಫ್ ಶೆಂಕ್ ಅವರ ಬೆಂಬಲದಿಂದ ‘ಕಾಮಿಕ್’ ಎಂಬ ಸ್ವಂತ ಸಂಸ್ಥೆ ಆರಂಭವಾಯಿತು. ಕಥೆ, ನಟರು, ನಿರ್ದೇಶನ ಎಲ್ಲದರಲ್ಲೂ ಆರ್ಬಕಲ್‌ರಿಗೆ ಪೂರ್ಣ ಸ್ವಾತಂತ್ರ್ಯ. ಅದರ ಮೊದಲ ಚಿತ್ರವೇ ‘ದಿ ಬುಚರ್ ಬಾಯ್’. ನ್ಯೂಯಾರ್ಕ್‌ನ 48ನೇ ಬೀದಿಯ ಸ್ಟುಡಿಯೊದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ 21ರ ಹರೆಯದ ಕೀಟನ್ ನೋಡಲೆಂದು ಬಂದಿದ್ದ. ಹೆತ್ತವರೊಂದಿಗೆ ರಂಗದ ಮೇಲೆಯೇ ಬೆಳೆದ ಹುಡುಗ ಅವನು. ಒಂದು ದೃಶ್ಯದಲ್ಲಿ ಪಾಲ್ಗೊಳ್ಳುವಂತೆ ಆರ್ಬಕಲ್ ಆಹ್ವಾನಿಸಿದರು. ಕಾಕಂಬಿಯ ಪ್ರಸಂಗ ಹುಟ್ಟಿದ್ದು ಹಾಗೆ.

ಕೀಟನ್‌ನ ಕುತೂಹಲ ನಟನೆಗೆ ನಿಲ್ಲಲಿಲ್ಲ. ಕ್ಯಾಮೆರಾದ ಒಳಗೇನಿದೆ, ಫಿಲ್ಮು ಹೇಗೆ ಓಡುತ್ತದೆ, ತುಂಡುಗಳನ್ನು ಹೇಗೆ ಜೋಡಿಸುತ್ತಾರೆ ಎಂಬುದೆಲ್ಲ ಅವನಿಗೆ ತಿಳಿಯಬೇಕಿತ್ತು. ಆರ್ಬಕಲ್ ಯಾವುದನ್ನೂ ಮುಚ್ಚಿಡಲಿಲ್ಲ. ಬ್ರಾಡ್‌ವೇ ಪ್ರದರ್ಶನವೊಂದರಲ್ಲಿ ವಾರಕ್ಕೆ 250 ಡಾಲರ್ ಸಿಗುವ ಅವಕಾಶವನ್ನು ಬಿಟ್ಟು, 40 ಡಾಲರ್ ಸಂಬಳಕ್ಕೆ ಕೀಟನ್ ಈ ತಂಡ ಸೇರಿದ. ಆರ್ಬಕಲ್, ಅವರ ಸೋದರಿಯ ಮಗ ಆಲ್ ಸೇಂಟ್ ಜಾನ್ ಮತ್ತು ಕೀಟನ್ ಮೂವರೂ ಸೇರಿ ‘ದಿ ರಫ್ ಹೌಸ್’, ‘ಕೋನಿ ಐಲ್ಯಾಂಡ್’, ‘ದಿ ಬೆಲ್ ಬಾಯ್’, ‘ದಿ ಕುಕ್’, ‘ದಿ ಗ್ಯಾರೇಜ್’ ಮುಂತಾದ ಕಿರುಚಿತ್ರಗಳನ್ನು ನೀಡಿದರು. ಮುಂದೆ ಎಂದೂ ನಗದ ಕಲ್ಲುಮುಖದವನೆಂದು ಹೆಸರಾದ ಕೀಟನ್ ‘ಕೋನಿ ಐಲ್ಯಾಂಡ್’ನಲ್ಲಿ ಬಾಯ್ತುಂಬ ನಗುವುದನ್ನು ಇಂದಿಗೂ ಕಾಣಬಹುದು.

‘ದಿ ರಫ್ ಹೌಸ್’ನಲ್ಲಿ ಆರ್ಬಕಲ್ ಊಟದ ಮೇಜಿನ ಬಳಿ ಎರಡು ಬನ್ನುಗಳಿಗೆ ಎರಡು ಫೋರ್ಕು ಚುಚ್ಚಿ, ಅವುಗಳನ್ನು ಪುಟ್ಟ ಪಾದಗಳಂತೆ ನಡೆಸುತ್ತಾರೆ. ಎಂಟು ವರ್ಷಗಳ ಬಳಿಕ, 1925ರ ‘ದಿ ಗೋಲ್ಡ್ ರಷ್’ನಲ್ಲಿ ಚಾಪ್ಲಿನ್ ಇದೇ ಬನ್ನುಗಳ ನೃತ್ಯವನ್ನು ಅಮರಗೊಳಿಸಿದರು. ಚಾಪ್ಲಿನ್‌ನ ಕೈಯಲ್ಲಿ ಅದು ಕಾವ್ಯವಾಯಿತೆಂಬುದು ನಿಜ. ಆದರೆ ಅದರ ಮೊದಲ ಹೆಜ್ಜೆ ತೆರೆಯ ಮೇಲೆ ಕಂಡದ್ದು ಆರ್ಬಕಲ್‌ರ ಊಟದ ಮೇಜಿನಲ್ಲಿ.

1920ರಲ್ಲಿ ಆರ್ಬಕಲ್ ಪ್ಯಾರಾಮೌಂಟ್ ಸಂಸ್ಥೆಗಾಗಿ ಪೂರ್ಣಪ್ರಮಾಣದ ಕಥಾಚಿತ್ರಗಳತ್ತ ಹೊರಳಿದರು. ವರ್ಷಕ್ಕೆ ಸುಮಾರು 10 ಲಕ್ಷ ಡಾಲರ್ ತರುವ ಒಪ್ಪಂದವೆಂದು ಅದು ಅಂದು ದೊಡ್ಡ ಸುದ್ದಿಯಾಗಿತ್ತು. ಕಿರುಚಿತ್ರಗಳ ತಂಡ ಕೀಟನ್‌ನ ಪಾಲಾಯಿತು. ಆ ವರ್ಷವೇ ಅವನು ‘ಒನ್ ವೀಕ್’ ಎಂಬ ಶ್ರೇಷ್ಠ ಕಿರುಚಿತ್ರ ನಿರ್ಮಿಸಿದ. ಆರ್ಬಕಲ್‌ರದು ಬಿಡುವಿಲ್ಲದ ದುಡಿಮೆ. ಒಂದು ಚಿತ್ರ ಮುಗಿಯುತ್ತಿದ್ದಂತೆ ಮತ್ತೊಂದು. 1921ರ ಸೆಪ್ಟೆಂಬರ್‌ನಲ್ಲಿ, ಕಾರ್ಮಿಕ ದಿನದ ರಜೆಯನ್ನು ಕಳೆಯಲು ಇಬ್ಬರು ಗೆಳೆಯರೊಂದಿಗೆ ಅವರು ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟರು.

ಹನ್ನೆರಡನೇ ಮಹಡಿ

ಸೇಂಟ್ ಫ್ರಾನ್ಸಿಸ್ ಹೋಟೆಲಿನ ಹನ್ನೆರಡನೇ ಮಹಡಿಯಲ್ಲಿ 1219, 1220 ಮತ್ತು 1221 ಸಂಖ್ಯೆಯ ಕೋಣೆಗಳು ಈ ಗೆಳೆಯರಿಗೆ ಮೀಸಲಾಗಿದ್ದವು. ಸೆಪ್ಟೆಂಬರ್ 5ರಂದು ಅಲ್ಲಿ ಪಾನಗೋಷ್ಠಿ ನಡೆಯಿತು. ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ ಕಾಲವದು. ಬಂದವರಲ್ಲಿ ವರ್ಜೀನಿಯಾ ರಪೇ ಎಂಬ ನಟಿಯೂ ಇದ್ದರು. ವಯಸ್ಸು ಸುಮಾರು 30. ಮಧ್ಯಾಹ್ನ ಆಕೆಗೆ ತೀವ್ರ ಹೊಟ್ಟೆನೋವು ಕಾಣಿಸಿಕೊಂಡಿತು. ಹೋಟೆಲಿಗೆ ಬಂದ ವೈದ್ಯರು ಇದು ಕುಡಿತದ ಪರಿಣಾಮವೆಂದು ಭಾವಿಸಿದರು. ನಾಲ್ಕು ದಿನಗಳ ಬಳಿಕ, ಸೆಪ್ಟೆಂಬರ್ 9ರಂದು ರಪೇ ಕೊನೆಯುಸಿರೆಳೆದರು. ಮೂತ್ರಕೋಶ ಒಡೆದು ಉದರದಲ್ಲಿ ಹರಡಿದ ಸೋಂಕು ಸಾವಿಗೆ ಕಾರಣವೆಂದು ಪರೀಕ್ಷೆಯಿಂದ ತಿಳಿದುಬಂತು.

ರಪೇ ಜತೆ ಗೋಷ್ಠಿಗೆ ಬಂದಿದ್ದ ಮಾಡ್ ಡೆಲ್ಮಾಂಟ್ ಎಂಬ ಮಹಿಳೆ ಆರ್ಬಕಲ್‌ರ ಮೇಲೆ ಬೆರಳು ತೋರಿಸಿದರು. ಕೋಣೆಯಲ್ಲಿ ಆರ್ಬಕಲ್ ಬಲಾತ್ಕಾರ ನಡೆಸಿದ್ದರಿಂದಲೇ ಈ ಸಾವು ಸಂಭವಿಸಿತೆಂಬುದು ಆರೋಪ. ತಾನಾಗಿಯೇ ಸ್ಯಾನ್‌ಫ್ರಾನ್ಸಿಸ್ಕೊಗೆ ಮರಳಿದ ಆರ್ಬಕಲ್‌ರನ್ನು ಕೊಲೆ ಆರೋಪದ ಮೇಲೆ ಬಂಧಿಸಲಾಯಿತು. ನೋವಿನಿಂದ ನರಳುತ್ತಿದ್ದ ಆಕೆಯನ್ನು ಸ್ನಾನದ ಕೋಣೆಯಿಂದ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ್ದು ಬಿಟ್ಟರೆ ತಾನು ಬೇರೇನೂ ಮಾಡಿಲ್ಲ ಎಂಬುದು ಅವರ ನಿಲುವು. ಸುಮಾರು ಮೂರು ವಾರಗಳ ಬಳಿಕ ನ್ಯಾಯಾಧೀಶರು ಕೊಲೆ ಆರೋಪವನ್ನು ಒಪ್ಪದೆ, ಉದ್ದೇಶವಿಲ್ಲದ ನರಹತ್ಯೆಯ ಆರೋಪದ ಮೇಲೆ ವಿಚಾರಣೆಗೆ ಆದೇಶಿಸಿದಾಗ ಅವರಿಗೆ ಜಾಮೀನು ದೊರಕಿತು.

ಅಚ್ಚಿನ ಮನೆಯ ನ್ಯಾಯಾಲಯ

ಆದರೆ ಮತ್ತೊಂದು ನ್ಯಾಯಾಲಯ ಅಷ್ಟರಲ್ಲಿ ತೀರ್ಪು ನೀಡಿಯಾಗಿತ್ತು. ವಿಲಿಯಂ ರಾಂಡೋಲ್ಫ್ ಹರ್ಸ್ಟ್ ಒಡೆತನದ ಪತ್ರಿಕೆಗಳು ದಿನಕ್ಕೆ ಹಲವು ಆವೃತ್ತಿಗಳಲ್ಲಿ ಈ ಪ್ರಕರಣವನ್ನು ಉಣಬಡಿಸಿದವು. ಸ್ಯಾನ್‌ಫ್ರಾನ್ಸಿಸ್ಕೊದ ಅವರ ಪತ್ರಿಕೆ ಆರ್ಬಕಲ್‌ರನ್ನು ಬಲೆಯ ನಡುವೆ ಕುಳಿತ ಜೇಡನಂತೆ ಚಿತ್ರಿಸಿ, ಸುತ್ತ ಮದ್ಯದ ಬಾಟಲಿ, ಸ್ತ್ರೀಯರನ್ನು ತೋರಿಸುವ ಚಿತ್ರ ಪ್ರಕಟಿಸಿತು. ಹೋಟೆಲಿನಲ್ಲಿ ನಡೆದದ್ದರ ಬಗ್ಗೆ ಬಾಯಿಂದ ಬಾಯಿಗೆ ಹರಡಿದ ಕಲ್ಪಿತ ಕಥೆಗಳು ಒಂದಕ್ಕಿಂತ ಒಂದು ಹೇಸಿಗೆ ಹುಟ್ಟಿಸುವಂಥವು. ಅವುಗಳಲ್ಲಿ ಹಲವನ್ನು ಸರ್ಕಾರಿ ವಕೀಲರೂ ನ್ಯಾಯಾಲಯದಲ್ಲಿ ಎತ್ತಲಿಲ್ಲ. ಅವು ಮಾತ್ರ ನೂರು ವರ್ಷ ಬದುಕಿದವು.

ತೆರೆಯ ಮೇಲೆ ಅಷ್ಟು ವರ್ಷ ನಗಿಸಿದ ಮೈಯೇ ಈಗ ಅಪರಾಧದ ಪುರಾವೆಯಾಗಿ ಕಂಡಿತು. ಇಷ್ಟು ಭಾರದ ಮನುಷ್ಯನೆಂದರೆ ಹಾಗೆಯೇ ಆಗಿರಬೇಕು ಎಂಬುದು ಓದುಗರ ತರ್ಕ. ಗಾತ್ರದಿಂದ ಅಗ್ಗದ ನಗೆ ಹುಟ್ಟಿಸಲು ಒಪ್ಪದ ಕಲಾವಿದನನ್ನು ಕೊನೆಗೂ ಅವನ ಗಾತ್ರದಿಂದಲೇ ಅಳೆಯಲಾಯಿತು. ಚಿತ್ರಮಂದಿರಗಳು ಕೆಲವೇ ದಿನಗಳಲ್ಲಿ ಅವರ ಚಿತ್ರಗಳನ್ನು ತೆಗೆದುಹಾಕಿದವು. ಬಿಡುಗಡೆಗೆ ಸಿದ್ಧವಾಗಿದ್ದವು ಡಬ್ಬಿಯಲ್ಲೇ ಉಳಿದವು.

ಇಲ್ಲಿ ಇನ್ನೊಂದು ಅನ್ಯಾಯವನ್ನೂ ದಾಖಲಿಸಬೇಕು. ಸತ್ತ ವರ್ಜೀನಿಯಾ ರಪೇ ಅವರಿಗೂ ಪತ್ರಿಕೆಗಳಿಂದ, ನ್ಯಾಯಾಲಯದಿಂದ ಘನತೆ ದೊರೆಯಲಿಲ್ಲ. ಒಂದು ಕಡೆಯವರು ಆಕೆಯನ್ನು ಮುಗ್ಧ ಬಲಿಪಶುವಾಗಿ ಮಾರಿದರು. ಇನ್ನೊಂದು ಕಡೆಯವರು ಆಕೆಯ ಹಿಂದಿನ ಬದುಕು, ಕಾಯಿಲೆಗಳನ್ನು ಬೀದಿಗೆಳೆದರು. ರೂಪದರ್ಶಿಯಾಗಿ, ಉಡುಪು ವಿನ್ಯಾಸಕಿಯಾಗಿ ದುಡಿದು ತನ್ನ ಕಾಲ ಮೇಲೆ ನಿಂತ ಹೆಣ್ಣು ಎಂಬ ವಿವರ ಆ ಗಲಾಟೆಯಲ್ಲಿ ಯಾರಿಗೂ ಬೇಕಾಗಲಿಲ್ಲ.

ಮೂರು ವಿಚಾರಣೆ

ಜಿಲ್ಲಾ ಅಭಿಯೋಜಕ ಮ್ಯಾಥ್ಯೂ ಬ್ರೇಡಿ ಅವರಿಗೆ ಈ ಪ್ರಕರಣ ಪ್ರತಿಷ್ಠೆಯ ಪ್ರಶ್ನೆಯಾಗಿತ್ತು. ಆದರೆ ಮುಖ್ಯ ಆರೋಪ ಮಾಡಿದ ಡೆಲ್ಮಾಂಟ್ ಅವರನ್ನು ಮೂರು ವಿಚಾರಣೆಗಳಲ್ಲಿ ಒಮ್ಮೆಯೂ ಸಾಕ್ಷಿ ಕಟ್ಟೆಗೆ ಕರೆಯಲಿಲ್ಲ. ಆಕೆಯ ಹೇಳಿಕೆಗಳು ಒಂದಕ್ಕೊಂದು ಹೊಂದದೆ ಇದ್ದುದೇ ಇದಕ್ಕೆ ಕಾರಣ. ಮೊದಲ ವಿಚಾರಣೆ 1921ರ ನವೆಂಬರ್‌ನಲ್ಲಿ ನಡೆಯಿತು. ಆರ್ಬಕಲ್ ಸ್ವತಃ ಕಟ್ಟೆಯೇರಿ ಶಾಂತವಾಗಿ ಹೇಳಿಕೆ ನೀಡಿದರು. ಡಿಸೆಂಬರ್ 4ರಂದು 12 ಮಂದಿಯ ತೀರ್ಪುಗಾರರ ಮಂಡಳಿಯಲ್ಲಿ 10 ಮಂದಿ ನಿರ್ದೋಷಿ ಎಂದರು, ಇಬ್ಬರು ಒಪ್ಪಲಿಲ್ಲ. ಒಮ್ಮತವಿಲ್ಲದ್ದರಿಂದ ಮರುವಿಚಾರಣೆ ಅನಿವಾರ್ಯವಾಯಿತು.

1922ರ ಜನವರಿಯಲ್ಲಿ ಆರಂಭವಾದ ಎರಡನೇ ವಿಚಾರಣೆಯಲ್ಲಿ ಸರ್ಕಾರದ ಪ್ರಮುಖ ಸಾಕ್ಷಿಯೊಬ್ಬರು ತಮ್ಮನ್ನು ಒತ್ತಾಯಿಸಿ ಹೇಳಿಕೆ ಪಡೆಯಲಾಗಿತ್ತು ಎಂದುಬಿಟ್ಟರು. ಗೆಲುವು ತಮ್ಮದೇ ಎಂಬ ಭರವಸೆಯಲ್ಲಿ ಆರ್ಬಕಲ್ ಪರ ವಕೀಲರು ಅವರನ್ನು ಕಟ್ಟೆಗೆ ಕರೆಯಲಿಲ್ಲ, ಕೊನೆಯ ವಾದವನ್ನೂ ಮಂಡಿಸಲಿಲ್ಲ. ತೀರ್ಪುಗಾರರು ಈ ಮೌನವನ್ನು ತಪ್ಪೊಪ್ಪಿಗೆ ಎಂದು ಬಗೆದರು. ಈ ಬಾರಿ ಬಹುಮತ ಅಪರಾಧಿ ಎನ್ನುವವರದು. ಆದರೆ ಒಮ್ಮತ ಮಾತ್ರ ಮೂಡಲಿಲ್ಲ. ತೆರೆಯ ಮೇಲೆ ಮೌನದಿಂದಲೇ ಎಲ್ಲವನ್ನೂ ಹೇಳಬಲ್ಲವನಾಗಿದ್ದ ಕಲಾವಿದನಿಗೆ ನ್ಯಾಯಾಲಯದ ಮೌನ ಮುಳುವಾಯಿತು.

ಮೂರನೇ ವಿಚಾರಣೆಯಲ್ಲಿ ವಕೀಲ ಗೇವಿನ್ ಮ್ಯಾಕ್‌ನ್ಯಾಬ್ ಯಾವ ಎಳೆಯನ್ನೂ ಬಿಡಲಿಲ್ಲ. ಆರ್ಬಕಲ್ ಮತ್ತೆ ಕಟ್ಟೆಯೇರಿದರು. ಬೇರೆಯಾಗಿ ವಾಸಿಸುತ್ತಿದ್ದ ಪತ್ನಿ ಮಿಂಟಾ ಪತಿಯ ಬೆಂಬಲಕ್ಕೆಂದೇ ಬಂದು ನ್ಯಾಯಾಲಯದಲ್ಲಿ ಕುಳಿತಿರುತ್ತಿದ್ದರು. ಏಪ್ರಿಲ್ 12ರಂದು ಒಳಗೆ ಹೋದ ತೀರ್ಪುಗಾರರು ಆರೇ ನಿಮಿಷಗಳಲ್ಲಿ ಹೊರಬಂದರು. ಅದರಲ್ಲಿಯೂ ಹೆಚ್ಚಿನ ಸಮಯ ವ್ಯಯವಾಗಿದ್ದು ಚರ್ಚೆಗಲ್ಲ, ಒಂದು ಹೇಳಿಕೆ ಬರೆಯಲು. ಬಿಡುಗಡೆಯಷ್ಟೇ ಸಾಲದು, ಈತನಿಗೆ ಘೋರ ಅನ್ಯಾಯವಾಗಿದೆ, ಆರೋಪಕ್ಕೆ ಲವಲೇಶವೂ ಆಧಾರವಿಲ್ಲ ಎಂಬುದು ಅದರ ಸಾರ. ತೀರ್ಪುಗಾರರು ಆರೋಪಿಯ ಕ್ಷಮೆ ಕೇಳುವಂಥ ಹೇಳಿಕೆ ನೀಡುವುದು ಕಾನೂನಿನ ಚರಿತ್ರೆಯಲ್ಲಿ ತೀರಾ ಅಪರೂಪ.

ಬೇರೆ ಹೆಸರಿನಲ್ಲಿ ಬದುಕು

ಬಿಡುಗಡೆಯಾಗಿ ಆರು ದಿನಕ್ಕೆ, ಏಪ್ರಿಲ್ 18ರಂದು, ಚಿತ್ರೋದ್ಯಮ ತನ್ನ ತೀರ್ಪು ಹೊರಡಿಸಿತು. ಸಾಲು ಸಾಲು ಹಗರಣಗಳಿಂದ ಕಂಗೆಟ್ಟ ನಿರ್ಮಾಪಕರು ಉದ್ಯಮದ ಮಾನ ಕಾಯಲೆಂದು ಮಾಜಿ ಸಚಿವ ವಿಲ್ ಹೇಸ್ ಅವರನ್ನು ಆ ವರ್ಷವಷ್ಟೇ ನೇಮಿಸಿಕೊಂಡಿದ್ದರು. ಹೇಸ್ ಅವರು ಆರ್ಬಕಲ್ ಚಿತ್ರಗಳ ಪ್ರದರ್ಶನವನ್ನು ನಿಷೇಧಿಸಿದರು. ಕಾನೂನು ನಿರ್ದೋಷಿ ಎಂದವನನ್ನು ಉದ್ಯಮ ದೋಷಿ ಎಂದಿತು. ಡಿಸೆಂಬರ್‌ನಲ್ಲಿ ನಿಷೇಧ ತೆರವಾಯಿತಾದರೂ ಮಹಿಳಾ ಸಂಘಗಳು, ಧಾರ್ಮಿಕ ಸಂಘಟನೆಗಳ ಪ್ರತಿಭಟನೆ ಭುಗಿಲೆದ್ದಿತು. ಅವರನ್ನು ತೆರೆಯ ಮೇಲೆ ತರುವ ಧೈರ್ಯ ಯಾವ ದೊಡ್ಡ ಸ್ಟುಡಿಯೊಗೂ ಇರಲಿಲ್ಲ.

ಮೊಕದ್ದಮೆಯ ವೆಚ್ಚಕ್ಕಾಗಿ ಮನೆ, ಕಾರುಗಳು ಕೈಬಿಟ್ಟವು. ಕೈಬಿಡದವನು ಕೀಟನ್. ಹಣದ ನೆರವಿಗೆ ದಾರಿ ಮಾಡಿಕೊಟ್ಟ, ಕೆಲಸ ಸಿಗುವಂತೆ ಓಡಾಡಿದ. ಆರ್ಬಕಲ್ ತಂದೆಯ ಹೆಸರಿನ ಮೊದಲೆರಡು ಭಾಗಗಳನ್ನು ಎರವಲು ಪಡೆದು ವಿಲಿಯಂ ಗುಡ್‌ರಿಚ್ ಎಂಬ ಹೆಸರಿನಲ್ಲಿ ಕಿರುಚಿತ್ರಗಳನ್ನು ನಿರ್ದೇಶಿಸತೊಡಗಿದರು. ತನ್ನನ್ನು ಮಗನೆಂದು ಒಪ್ಪದ ತಂದೆಯ ಹೆಸರಿನ ಹಿಂದೆ, ತನ್ನ ಹೆಸರನ್ನು ಕಳೆದುಕೊಂಡ ಮಗ ಅವಿತುಕೊಳ್ಳಬೇಕಾಯಿತು. ಉದ್ಯಮದ ಎಲ್ಲರಿಗೂ ಈ ಗುಟ್ಟು ಗೊತ್ತಿತ್ತು. ಪ್ರೇಕ್ಷಕರಿಗೆ ಗೊತ್ತಾಗದಿದ್ದರೆ ಸಾಕಿತ್ತು.

ವಿಧಿಯ ಅಣಕವೆಂಬಂತೆ, 1927ರಲ್ಲಿ ಅವರಿಗೆ ‘ದಿ ರೆಡ್ ಮಿಲ್’ ಎಂಬ ದೊಡ್ಡ ಚಿತ್ರದ ನಿರ್ದೇಶನ ಒಲಿದುಬಂತು. ನಾಯಕಿ ಮರಿಯನ್ ಡೇವಿಸ್. ನಿರ್ಮಾಣ ಸಂಸ್ಥೆಯ ಒಡೆಯ, ಆಕೆಯ ಸಂಗಾತಿ ಹರ್ಸ್ಟ್. ಯಾರ ಪತ್ರಿಕೆಗಳು ಅವರ ಹೆಸರನ್ನು ಕಸದಬುಟ್ಟಿಗೆ ಎಸೆದಿದ್ದವೋ, ಅದೇ ಮಾಲೀಕನ ಚಿತ್ರಕ್ಕೆ ಅವರು ಬೇರೆ ಹೆಸರಿನಲ್ಲಿ ದುಡಿದರು.

ಇದರ ನಡುವೆ ರಂಗದ ಮೇಲೆ ಪ್ರದರ್ಶನ ನೀಡುತ್ತ ಊರೂರು ತಿರುಗಿದರು. 1924ರಲ್ಲಿ ಕ್ಲೀವ್‌ಲೆಂಡ್‌ನಲ್ಲಿ ತಮ್ಮ ಪ್ರದರ್ಶನದ ಆರಂಭಕ್ಕೆ ಹಾಡಿ ಕುಣಿದ ಹೊಸಬನೊಬ್ಬನನ್ನು ಮೆಚ್ಚಿ, ಮುಂದಿನ ಅವಕಾಶಕ್ಕೆ ಶಿಫಾರಸು ಮಾಡಿದರು. ಆ ಯುವಕನೇ ಮುಂದೆ ಅಮೆರಿಕದ ಮನೆಮನೆಯ ಹಾಸ್ಯಗಾರನಾದ ಬಾಬ್ ಹೋಪ್. ಸ್ವಂತಕ್ಕೆ ಬಾಗಿಲು ಮುಚ್ಚಿದ ದಿನಗಳಲ್ಲಿಯೂ ಇನ್ನೊಬ್ಬರಿಗೆ ಬಾಗಿಲು ತೆರೆಯುವ ಗುಣ ಅವರನ್ನು ಬಿಟ್ಟಿರಲಿಲ್ಲ.

ಒಂದು ಒಪ್ಪಂದ, ಒಂದು ರಾತ್ರಿ

ಹತ್ತು ವರ್ಷ ಕಳೆಯಿತು. ಮೂಕಿಚಿತ್ರಗಳ ಯುಗ ಮುಗಿದು ಟಾಕಿಗಳ ಕಾಲ ಬಂದಿತ್ತು. ತೆರೆಯ ಮೇಲಿನ ಜತೆಗಾತಿ ಮೇಬಲ್ ನಾರ್ಮಂಡ್ ಕ್ಷಯರೋಗದಿಂದ 1930ರಲ್ಲಿ ತೀರಿಕೊಂಡಿದ್ದರು. 1932ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ಆರ್ಬಕಲ್‌ರನ್ನು ಅವರ ಸ್ವಂತ ಹೆಸರಿನಲ್ಲಿ ಮತ್ತೆ ತೆರೆಗೆ ಕರೆಯಿತು. ಬ್ರೂಕ್ಲಿನ್‌ನ ಸ್ಟುಡಿಯೊದಲ್ಲಿ ‘ಹೇ, ಪಾಪ್!’ ಸೇರಿದಂತೆ ಎರಡು ರೀಲಿನ ಆರು ನಗೆಚಿತ್ರಗಳು ತಯಾರಾದವು. ಒಮ್ಮೆ ಹಾಡಿ ಅನ್ನ ಗಳಿಸಿದ್ದ ಅವರ ದನಿಯನ್ನು ಸಿನಿಮಾ ಪ್ರೇಕ್ಷಕರು ಕೇಳಿದ್ದು ಈಗ. ಹೆಚ್ಚಿದ ವಯಸ್ಸು ಮೈಯನ್ನು ತುಸು ನಿಧಾನವಾಗಿಸಿತ್ತು, ಕೈಚಳಕವನ್ನಲ್ಲ. ಜನ ಮತ್ತೆ ನಕ್ಕರು.

ಆರನೇ ಚಿತ್ರದ ಕೆಲಸ ಮುಗಿಯುತ್ತಿದ್ದಂತೆ ಪೂರ್ಣಪ್ರಮಾಣದ ಕಥಾಚಿತ್ರಕ್ಕೆ ಒಪ್ಪಂದವೂ ಕುದುರಿತು. 1933ರ ಜೂನ್ 28ರ ಸಂಜೆ, ಮೂರನೇ ಪತ್ನಿ ಆಡಿ ಮೆಕ್‌ಫೇಲ್ ಅವರೊಂದಿಗೆ ಗೆಳೆಯರ ನಡುವೆ ಸಂಭ್ರಮಾಚರಣೆ ನಡೆಯಿತು. ಮದುವೆಯ ಮೊದಲ ವರ್ಷವೂ ಆಗಷ್ಟೇ ತುಂಬಿತ್ತು. ಅಂದು ರಾತ್ರಿ ನ್ಯೂಯಾರ್ಕ್‌ನ ಹೋಟೆಲಿನಲ್ಲಿ ನಿದ್ದೆಗೆ ಜಾರಿದ ಆರ್ಬಕಲ್ ಮತ್ತೆ ಏಳಲಿಲ್ಲ. ಹೃದಯಾಘಾತ. ವಯಸ್ಸು 46.

ಉಳಿದದ್ದೇನು?

ಕೀಟನ್ ಬದುಕಿನ ಕೊನೆಯವರೆಗೂ ಆರ್ಬಕಲ್‌ರನ್ನು ಗುರುವೆಂದೇ ನೆನೆದ. ಸಿನಿಮಾ ಎಂಬ ಕಸುಬನ್ನು ತನಗೆ ಕಲಿಸಿದವರು ಅವರೇ ಎಂದು ಹೇಳಲು ಎಂದೂ ಹಿಂಜರಿಯಲಿಲ್ಲ. ಆರ್ಬಕಲ್‌ರ ಹಲವು ಚಿತ್ರಗಳು ಕಾಲಾಂತರದಲ್ಲಿ ಕಳೆದುಹೋದವು. ಕಳೆದೇಹೋಯಿತೆಂದು ಭಾವಿಸಿದ್ದ 1918ರ ‘ದಿ ಕುಕ್’ 1998ರಲ್ಲಿ ನಾರ್ವೆಯ ಚಲನಚಿತ್ರ ಸಂಗ್ರಹದಲ್ಲಿ ಪತ್ತೆಯಾಯಿತು. ಅದರಲ್ಲಿ ಆರ್ಬಕಲ್ ಅಡುಗೆಮನೆಯ ಪಾತ್ರೆಗಳನ್ನೇ ಆಭರಣ ಮಾಡಿಕೊಂಡು ರಾಣಿಯಂತೆ ನರ್ತಿಸುತ್ತಾರೆ. 1915ರ ‘ಫ್ಯಾಟೀಸ್ ಟಿನ್‌ಟೈಪ್ ಟ್ಯಾಂಗಲ್’ ಚಿತ್ರವನ್ನು ಅಮೆರಿಕ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 1995ರಲ್ಲಿ ಸೇರಿಸಿಕೊಂಡಿತು. ಚಿತ್ರಗಳಿಗೆ ಹೀಗೆ ತಡವಾಗಿಯಾದರೂ ಬಿಡುಗಡೆ ಸಿಕ್ಕಿತು.

ಹೆಸರಿಗೆ ಸಿಕ್ಕಿತೇ ಎಂಬುದು ಬೇರೆ ಪ್ರಶ್ನೆ. ಬಂಧನ ಮುಖಪುಟದ ಸುದ್ದಿ, ಬಿಡುಗಡೆ ಒಂದು ದಿನದ ಸುದ್ದಿ. ಇದು 1921ರ ಸ್ಯಾನ್‌ಫ್ರಾನ್ಸಿಸ್ಕೊಗೆ ಮಾತ್ರ ಸೀಮಿತವಾದ ರೋಗವಲ್ಲ ಎಂಬುದು ಸುದ್ದಿ ಬರೆಯುವ ನಮಗೂ, ಓದುವ ನಿಮಗೂ ಗೊತ್ತು. ಆರೋಪವನ್ನು ನಂಬಲು ಒಂದು ಶೀರ್ಷಿಕೆ ಸಾಕು. ತೀರ್ಪನ್ನು ನಂಬಲು ನೂರು ವರ್ಷವೂ ಸಾಲುವುದಿಲ್ಲ.

‘ದಿ ಬುಚರ್ ಬಾಯ್’ ಈಗ ಹಕ್ಕುಸ್ವಾಮ್ಯದ ಹಂಗಿಲ್ಲದ ಚಿತ್ರ. ಬಿಡುವಾದಾಗ ಅರ್ಧ ಗಂಟೆ ಅದಕ್ಕೆ ಮೀಸಲಿಡಬಹುದು. ಕಾಕಂಬಿಯಲ್ಲಿ ಸಿಕ್ಕಿಕೊಂಡ ಸಣಕಲು ಯುವಕನನ್ನು ನೋಡಿ ನಗುವಾಗ, ಅವನಿಗೆ ತೆರೆಯ ನಡುವೆ ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ನಿಂತ ಆ ದಢೂತಿ ಅಂಗಡಿಯವನ ಕಡೆಗೂ ಒಮ್ಮೆ ಕಣ್ಣು ಹಾಯಲಿ.